ಹಕ್ಕಿನ ಮಾತು, ಲೆಕ್ಕದ ಮಾತು



ಈ ಸಂಚಿಕೆಯ ಅಚ್ಚಿನ ಕೆಲಸ ಮುಗಿಯುತ್ತಾ ಬಂದಿದ್ದ ಹೊತ್ತಿನಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮಗಳು ನನ್ನನ್ನು ಕಾಣಲು ಬಂದಳು. ವಿಶಾಖಪಟ್ಟಣದಲ್ಲಿಯೇ ಹುಟ್ಟಿ, ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಕಲಿತು ಬೆಳೆದ ಹುಡುಗಿ. ಈಗ ಪರಿಸರ ಎಂಜಿನಿಯರಿಂಗ್ ಶಾಖೆಯಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಳೆ. ಅವಳ ಅಧ್ಯಯನದ ವಿಷಯಕ್ಕೆ ‘ಮೆಟೀರಿಯಲ್ ಫ್ಲೋ ಅನಾಲಿಸಿಸ್’ ಎಂದು ಹೆಸರು. ನಾವು ಅದನ್ನು ವಸ್ತುಪ್ರವಾಹ ವಿಶ್ಲೇಷಣೆ ಎನ್ನಬಹುದು. ಬಂದರಿನಲ್ಲಿಯೂ ಉಕ್ಕಿನ ಕಾರ್ಖಾನೆಯಲ್ಲಿಯೂ ದುಡಿದು ನಿವೃತ್ತರಾದ ನಮ್ಮವರ ಪರಿಚಯ ಮಾಡಿಸಿಕೊಡಬೇಕೆಂಬುದು ಅವಳ ಕೋರಿಕೆಯಾಗಿತ್ತು.

ಅಲ್ಲಿಯೇ ಕುಳಿತಿದ್ದ ಗೆಳೆಯರೊಬ್ಬರು, “ಇದಕ್ಕೂ ಗುಮಾಸ್ತಗಿರಿಗೂ ಏನಮ್ಮ ವ್ಯತ್ಯಾಸ? ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಬರೆದಿಡುವುದಕ್ಕೆ ಎಂ.ಟೆಕ್. ಬೇಕೆ?” ಎಂದು ನಕ್ಕರು. ಅವಳೂ ನಕ್ಕು, “ಗುಮಾಸ್ತಗಿರಿಯೇ ಅಂಕಲ್. ಕಂಪನಿಗೆ ಗುಮಾಸ್ತರಿರುತ್ತಾರೆ, ಊರಿಗೆ ಯಾರಿದ್ದಾರೆ ಹೇಳಿ” ಎಂದಳು. ಗೆಳೆಯರು ಸುಮ್ಮನಾದರು. ಆ ಮಾತು ನನ್ನನ್ನು ಬಿಡದೆ ಕಾಡಿದ್ದರಿಂದ, ಬರೆಯಬೇಕೆಂದುಕೊಂಡಿದ್ದ ಬೇರೆ ವಿಷಯವನ್ನು ಬದಿಗಿಟ್ಟು ಈ ಸಲದ ಸಂಪಾದಕೀಯವನ್ನು ಇದಕ್ಕೇ ಮೀಸಲಿಡುತ್ತಿದ್ದೇನೆ.

ಈ ವಿದ್ಯೆಯ ತಿರುಳು ಸರಳವಾದುದು. ವಸ್ತುವು ಶೂನ್ಯದಿಂದ ಹುಟ್ಟುವುದಿಲ್ಲ. ಶೂನ್ಯದಲ್ಲಿ ಲೀನವಾಗುವುದೂ ಇಲ್ಲ. ಒಂದು ಎಲ್ಲೆಯನ್ನು ಗುರುತಿಸಿಕೊಳ್ಳಬೇಕು. ಅದು ಮನೆಯಾಗಬಹುದು, ಕಾರ್ಖಾನೆಯಾಗಬಹುದು, ಜಿಲ್ಲೆಯೋ ದೇಶವೋ ಆಗಬಹುದು. ಒಂದು ವರ್ಷದಲ್ಲಿ ಆ ಎಲ್ಲೆಯೊಳಕ್ಕೆ ಬಂದ ವಸ್ತುವಿನ ತೂಕವನ್ನು ಒಂದು ಕಡೆ, ಹೊರಕ್ಕೆ ಹೋದುದರ ತೂಕವನ್ನು ಇನ್ನೊಂದು ಕಡೆ ಬರೆದರೆ, ನಡುವಣ ವ್ಯತ್ಯಾಸ ಒಳಗೇ ದಾಸ್ತಾನಾಗಿ ಉಳಿದಿರಲೇಬೇಕು. ಹಾಗೆ ಉಳಿದಿಲ್ಲವೆಂದರೆ ಲೆಕ್ಕದಲ್ಲಿ ತಪ್ಪಿದೆ, ಇಲ್ಲವೇ ನಮ್ಮ ಕಣ್ಣಿಗೆ ಬೀಳದ ಬಾಗಿಲೊಂದು ಎಲ್ಲೋ ತೆರೆದಿದೆ ಎಂದರ್ಥ.

ವಿಜಯವಾಡದಲ್ಲಿ ಹೋಟೆಲು ನಡೆಸುತ್ತಿರುವ ನಮ್ಮ ದಕ್ಷಿಣ ಕನ್ನಡದ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಅಕ್ಕಿ, ಎಷ್ಟು ಉದ್ದು ನೆನೆಹಾಕಿದರೆ ಎಷ್ಟು ಇಡ್ಲಿಯಾಗಬೇಕೆಂಬುದು ಅವರಿಗೆ ಬಾಯಿಪಾಠ. ಇಡ್ಲಿ ಕಡಿಮೆಯಾದ ದಿನ ಉಗ್ರಾಣದವನನ್ನು ಕರೆಸಿ ಕೇಳುತ್ತಾರೆ. ಆದರೆ ಹೋಟೆಲಿನ ಪುಸ್ತಕದಲ್ಲಿ ಹಣ ಕೊಟ್ಟು ತಂದ ವಸ್ತುವಿಗೂ ಹಣ ತಂದುಕೊಟ್ಟ ವಸ್ತುವಿಗೂ ಮಾತ್ರ ಅಂಕಣವಿರುತ್ತದೆ. ಎಂಜಲೆಲೆ, ಪಾತ್ರೆ ತೊಳೆದ ನೀರು, ಒಲೆಯ ಹೊಗೆ ಇವುಗಳಿಗೆ ಅಂಕಣವಿಲ್ಲ. ವಸ್ತುಪ್ರವಾಹ ವಿಶ್ಲೇಷಣೆ ಮಾಡುವುದು ಇಷ್ಟೇ: ಆ ಕಾಣದ ಅಂಕಣವನ್ನು ಪುಸ್ತಕಕ್ಕೆ ಸೇರಿಸುತ್ತದೆ.

ಹೊಸ ಹೆಸರನ್ನು ಹೊತ್ತಿದ್ದರೂ ಈ ವಿಚಾರ ಹಳೆಯದು. ಇಟಲಿಯ ವೈದ್ಯ ಸಾಂಟೋರಿಯೊ ದೊಡ್ಡದೊಂದು ತಕ್ಕಡಿಯಿಂದ ತೂಗುಬಿಟ್ಟ ಪೀಠದಲ್ಲಿ ಕುಳಿತು, ತಾನು ತಿಂದುದನ್ನೂ ಕುಡಿದುದನ್ನೂ ವಿಸರ್ಜಿಸಿದುದನ್ನೂ ವರ್ಷಗಟ್ಟಲೆ ತೂಗಿದ. ಒಳಹೋದುದಕ್ಕಿಂತ ಕಣ್ಣಿಗೆ ಕಾಣುವಂತೆ ಹೊರಬಂದುದು ಕಡಿಮೆಯಿತ್ತು. ಉಳಿದುದು ಚರ್ಮದ ಮೂಲಕವೂ ಉಸಿರಿನ ಮೂಲಕವೂ ಕಾಣದಂತೆ ಹೋಗುತ್ತಿದೆಯೆಂದು ಅವನು 1614ರಲ್ಲಿ ಪ್ರಕಟಿಸಿದ. 1965ರಲ್ಲಿ ಅಮೆರಿಕದ ಏಬಲ್ ವೋಲ್ಮನ್ ಹತ್ತು ಲಕ್ಷ ಜನಸಂಖ್ಯೆಯ ನಗರವೊಂದನ್ನು ಕಲ್ಪಿಸಿಕೊಂಡು ಇದೇ ಲೆಕ್ಕವನ್ನು ಬರೆದರು. ಆ ನಗರಕ್ಕೆ ದಿನವೊಂದಕ್ಕೆ 6,25,000 ಟನ್ ನೀರು, 9,500 ಟನ್ ಇಂಧನ, 2,000 ಟನ್ ಆಹಾರ ಬರುತ್ತದೆ. 5,00,000 ಟನ್ ಕೊಳಚೆಯೂ 2,000 ಟನ್ ಕಸವೂ 950 ಟನ್ ವಾಯುಮಾಲಿನ್ಯವೂ ಹೊರಬೀಳುತ್ತವೆ. ಇದಕ್ಕೆ ಶಾಸ್ತ್ರದ ಕಟ್ಟು ಕೊಟ್ಟವರು ಪೀಟರ್ ಬಚಿನಿ ಮತ್ತು ಪೌಲ್ ಬ್ರುನ್ನರ್. ಅವರ ಗ್ರಂಥ ಪ್ರಕಟವಾದುದು 1991ರಲ್ಲಿ. ನಮ್ಮಲ್ಲಿ ಗಾಂಧೀಜಿಯವರ ಅನುಯಾಯಿ ಜೆ.ಸಿ. ಕುಮಾರಪ್ಪನವರು 1945ರಲ್ಲಿಯೇ ‘ಶಾಶ್ವತತೆಯ ಅರ್ಥಶಾಸ್ತ್ರ’ವನ್ನು ಪ್ರತಿಪಾದಿಸಿದ್ದರು. ಗಣಿಯಂತೆ ಬರಿದಾಗುವ ಸಂಪತ್ತು ಬೇರೆ, ಕಾಡು ಹೊಲಗಳಂತೆ ಮರುಹುಟ್ಟುವ ಸಂಪತ್ತು ಬೇರೆ ಎಂಬ ಅವರ ಎಚ್ಚರಿಕೆಯನ್ನು ನಾವು ಹಾರ ಹಾಕಿ ಮರೆತೆವು.

ಇನ್ನು ನಾವು ಬದುಕುತ್ತಿರುವ ಊರಿನ ವಿಚಾರಕ್ಕೆ ಬರೋಣ. ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು’ ಎಂಬ ಘೋಷಣೆಯನ್ನು ಕೇಳದ ಕಿವಿ ಇಲ್ಲಿಲ್ಲ. ಉಕ್ಕು, ಹಕ್ಕು ಎರಡೂ ಕನ್ನಡಕ್ಕೂ ತೆಲುಗಿಗೂ ಸಮಾನವಾದ ಪದಗಳಾದ್ದರಿಂದ ನಮಗೆ ಅದನ್ನು ಅನುವಾದಿಸಿಕೊಳ್ಳುವ ಅಗತ್ಯವೂ ಬೀಳಲಿಲ್ಲ. 1966ರ ಆ ಚಳವಳಿಯಲ್ಲಿ 32 ಮಂದಿ ಪ್ರಾಣತೆತ್ತರು. 1970ರ ಏಪ್ರಿಲ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ದಕ್ಷಿಣಕ್ಕೆ ಮೂರು ಉಕ್ಕಿನ ಕಾರ್ಖಾನೆಗಳನ್ನು ಸಂಸತ್ತಿನಲ್ಲಿ ಘೋಷಿಸಿದರು: ವಿಶಾಖಪಟ್ಟಣ, ಸೇಲಂ ಮತ್ತು ಹೊಸಪೇಟೆಯ ಬಳಿಯ ವಿಜಯನಗರ. ವಿಶಾಖಪಟ್ಟಣಕ್ಕೆ ಕಾರ್ಖಾನೆ ಬಂದಿತು, 1992ರಲ್ಲಿ ಪಿ.ವಿ. ನರಸಿಂಹರಾಯರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಆದರೆ ಅದಕ್ಕೆ ಸ್ವಂತ ಅದಿರಿನ ಗಣಿ ದೊರೆಯಲಿಲ್ಲ. ವಿಜಯನಗರದಲ್ಲಿ ಕಾಲಕೆಳಗೇ ಅದಿರಿತ್ತು, ಶಂಕುಸ್ಥಾಪನೆಯೂ ಆಗಿತ್ತು. ಸರ್ಕಾರಿ ಕಾರ್ಖಾನೆ ಮಾತ್ರ ಬರಲೇ ಇಲ್ಲ. ತೋರಣಗಲ್ಲಿನಲ್ಲಿ ಕೊನೆಗೆ ಬಂದುದು 1990ರ ದಶಕದ ಖಾಸಗಿ ಕಾರ್ಖಾನೆ. ಒಂದು ಕಡೆ ಅದಿರಿಲ್ಲದ ಕುಲುಮೆ, ಇನ್ನೊಂದು ಕಡೆ ದಶಕಗಳ ಕಾಲ ಕುಲುಮೆಯಿಲ್ಲದ ಅದಿರು. ಎರಡು ರಾಜ್ಯಗಳೂ ಹಕ್ಕಿಗಾಗಿ ಹೋರಾಡಿದವು. ಯಾವುದು ಎಲ್ಲಿಂದ ಎಲ್ಲಿಗೆ ಎಷ್ಟು ಹರಿಯಬೇಕೆಂಬ ಲೆಕ್ಕ ಹಿಂದೆ ಬಿತ್ತು.

ಆ ಲೆಕ್ಕವನ್ನು ಸ್ಥೂಲವಾಗಿಯಾದರೂ ಹಾಕಿ ನೋಡಬೇಕು. ವಿಶಾಖಪಟ್ಟಣದ ಕಾರ್ಖಾನೆಗೆ ಅದಿರು ಬರುವುದು ಮುಖ್ಯವಾಗಿ ಛತ್ತೀಸಗಢದ ಬೈಲಾಡಿಲದಿಂದ, ಜಪಾನಿಗೆ ಅದಿರು ರಫ್ತು ಮಾಡುವ ಸಲುವಾಗಿ 1960ರ ದಶಕದಲ್ಲಿ ಪೂರ್ವಘಟ್ಟಗಳನ್ನು ಕೊರೆದು ಹಾಕಿದ ಕೊತ್ತವಲಸ–ಕಿರಂದುಲ್ ರೈಲುಮಾರ್ಗದಲ್ಲಿ. ಕೋಕ್ ಕಲ್ಲಿದ್ದಲು ಹಡಗಿನಲ್ಲಿ ಬರುತ್ತದೆ, ಹೆಚ್ಚಿನದು ಆಸ್ಟ್ರೇಲಿಯಾದಿಂದ. ಸುಣ್ಣಕಲ್ಲಿಗೆ ವಿಜಯವಾಡದ ಕಡೆಯ ಜಗ್ಗಯ್ಯಪೇಟೆಯಲ್ಲಿ ಕಾರ್ಖಾನೆಯದೇ ಗಣಿಯಿದೆ. ಒಂದು ಟನ್ ಕಬ್ಬಿಣಕ್ಕೆ ಸುಮಾರು 1.6 ಟನ್ ಅದಿರು ಬೇಕು. ಜೊತೆಗೆ ಸುಮಾರು 300ರಿಂದ 400 ಕಿಲೋ ಕಿಟ್ಟ ಹೊರಬೀಳುತ್ತದೆ. ಆ ಕಿಟ್ಟವನ್ನು ನೀರಿನಿಂದ ಹಠಾತ್ತನೆ ತಣಿಸಿ ಹರಳಾಗಿಸಿದರೆ ಸಿಮೆಂಟಿಗೆ ಒದಗುತ್ತದೆ. ರಾಶಿ ಹಾಕಿಬಿಟ್ಟರೆ ಗುಡ್ಡವಾಗುತ್ತದೆ. ಕಲ್ಲಿದ್ದಲಿನ ಇಂಗಾಲವಂತೂ ಉರಿಯುವಾಗ ಗಾಳಿಯ ಆಮ್ಲಜನಕವನ್ನು ಕೂಡಿಕೊಳ್ಳುವುದರಿಂದ, ಒಂದು ಟನ್ ಇಂಗಾಲ 3.67 ಟನ್ ಇಂಗಾಲದ ಡೈಆಕ್ಸೈಡ್ ಆಗಿ ಆಕಾಶಕ್ಕೆ ಏರುತ್ತದೆ. ಹೊಗೆಯೆಂದರೆ ಹಗುರವಾದದ್ದೆಂದು ತಿಳಿದವರು ಈ ತೂಕವನ್ನು ಗಮನಿಸಬೇಕು.

2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಈ ಕಾರ್ಖಾನೆಯನ್ನು ಖಾಸಗಿಯವರಿಗೆ ಒಪ್ಪಿಸುವ ತಾತ್ವಿಕ ನಿರ್ಧಾರ ಕೈಗೊಂಡಾಗ ಬೀದಿಗಿಳಿದವರಲ್ಲಿ ನಮ್ಮ ಸದಸ್ಯರೂ ಇದ್ದರು. 2025ರ ಜನವರಿಯಲ್ಲಿ 11,440 ಕೋಟಿ ರೂಪಾಯಿಗಳ ಪುನಶ್ಚೇತನ ಯೋಜನೆ ಮಂಜೂರಾಯಿತು. ಸಂತೋಷ. ಆದರೆ ಹಣದ ಲೆಕ್ಕದ ಜೊತೆಯಲ್ಲಿ ಅದಿರಿನ, ಕಲ್ಲಿದ್ದಲಿನ, ಕಿಟ್ಟದ ಲೆಕ್ಕವನ್ನೂ ಜನರ ಮುಂದಿಟ್ಟು ಚರ್ಚಿಸಿದ್ದರೆ ನಮ್ಮ ವಾದಕ್ಕೂ ಬಲ ಬರುತ್ತಿತ್ತು. ನನ್ನ ಮನೆಯ ಕಿಟಕಿಯ ಕಂಬಿಗಳ ಮೇಲೆ ದಿನವೂ ಕಪ್ಪು ಧೂಳು ಕೂರುತ್ತದೆ. ಅದು ಯಾವ ರಾಶಿಯಿಂದ ಹಾರಿ ಬಂದುದೆಂದು ಧೂಳಿನ ಮೇಲೆ ಬರೆದಿರುವುದಿಲ್ಲ. ಒರೆಸುವುದು ನಮ್ಮ ಪಾಲಿಗೆ ಬಂದಿದೆ.

ತೂಕದ ಲೆಕ್ಕವೆಂದರೆ ವಿದ್ವಾಂಸರ ಕಾಲಹರಣವೆಂದು ಭಾವಿಸುವವರಿಗೆ ಬಳ್ಳಾರಿಯನ್ನು ನೆನಪಿಸಬೇಕು. ಕರ್ನಾಟಕದ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ವರದಿಯನ್ನು ಎಲ್ಲರೂ ರಾಜಕೀಯದ ದಾಖಲೆಯೆಂದು ಓದಿದರು. ನನ್ನ ದೃಷ್ಟಿಯಲ್ಲಿ ಅದರ ಬೆನ್ನೆಲುಬು ಒಂದು ವಸ್ತುಪ್ರವಾಹದ ಲೆಕ್ಕ. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಒಂದು ಕಡೆ ಗಣಿಯಿಂದ ಅದಿರು ಸಾಗಿಸಲು ಕೊಟ್ಟ ಪರವಾನಗಿಗಳನ್ನೂ, ಇನ್ನೊಂದು ಕಡೆ ಬಂದರುಗಳಲ್ಲಿ ಹಡಗೇರಿದ ಅದಿರಿನ ದಾಖಲೆಗಳನ್ನೂ ಎದುರೆದುರು ಇಟ್ಟಿತು. ಎರಡೂ ತಾಳೆಯಾಗಬೇಕಿತ್ತು, ಆಗಲಿಲ್ಲ. 2006ರ ಏಪ್ರಿಲ್‌ನಿಂದ 2010ರ ಡಿಸೆಂಬರ್‌ವರೆಗೆ ಸುಮಾರು 2.98 ಕೋಟಿ ಟನ್ ಅದಿರು ಪರವಾನಗಿಯಿಲ್ಲದೆ ದೇಶ ಬಿಟ್ಟಿತ್ತು. ಅದರ ಮೌಲ್ಯವನ್ನು ವರದಿಯು 12,228 ಕೋಟಿ ರೂಪಾಯಿಯೆಂದು ಅಂದಾಜಿಸಿತು. ಯಾವ ಭಾಷಣವೂ ಮಾಡಲಾಗದ ಕೆಲಸವನ್ನು ಆ ಕೂಡು–ಕಳೆ ಮಾಡಿತು. ಆಗಿನ ಮುಖ್ಯಮಂತ್ರಿಗಳು ಅದೇ ತಿಂಗಳ 31ರಂದು ರಾಜೀನಾಮೆ ನೀಡಬೇಕಾಯಿತು.

ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು 2011ರಲ್ಲಿ ನಿಲ್ಲಿಸಿತು. ಅದು ಮತ್ತೆ ಆರಂಭವಾದಾಗ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ–ತುಮಕೂರುಗಳಿಗೆ ಒಟ್ಟು 50 ಲಕ್ಷ ಟನ್ ಎಂಬ ಮಿತಿಯಿತ್ತು. 2022ರ ಆಗಸ್ಟ್‌ನಲ್ಲಿ ಅದನ್ನು 3.5 ಕೋಟಿ ಮತ್ತು 1.5 ಕೋಟಿ ಟನ್ನಿಗೆ ಏರಿಸಲಾಯಿತು. ಮಿತಿ ಎಷ್ಟಿರಬೇಕೆಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ಆದರೆ ಭೂಮಿಯ ಸಂಪತ್ತಿಗೆ ಒಂದು ವಾರ್ಷಿಕ ತೂಕವನ್ನು ನಿಗದಿಮಾಡಿ, ಅದರಾಚೆಗೆ ಹೋಗಬೇಡಿರೆಂದು ಹೇಳಿದುದು ದೊಡ್ಡ ಮಾತು. ‘ಸುಸ್ಥಿರತೆ’ ಎಂದು ವೇದಿಕೆಗಳಲ್ಲಿ ಸವೆದುಹೋದ ಪದಕ್ಕೆ ಅಲ್ಲಿ ಒಂದು ಅಂಕಿ ದೊರೆಯಿತು.

ಈ ಲೆಕ್ಕ ಕಳ್ಳತನವನ್ನು ಮಾತ್ರ ಹಿಡಿಯುತ್ತದೆಂದಲ್ಲ. ಕಾಣದೆ ನಡೆಯುತ್ತಿರುವ ಒಳಿತನ್ನೂ ತೋರಿಸುತ್ತದೆ. ಮೈಸೂರು ಸಮೀಪದ ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಏರಿಯಾನಾ ಬೈನ್, ಮೇಘಾ ಶೆಣೈ ಮತ್ತಿತರರು ಇದೇ ಕ್ರಮದಿಂದ ನಡೆಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅಲ್ಲಿ ವರ್ಷಕ್ಕೆ 8,97,210 ಟನ್ ಶೇಷವಸ್ತು ಹುಟ್ಟುತ್ತಿದ್ದು, ಅದರ ಶೇಕಡ 99.5ರಷ್ಟು ಮತ್ತೆ ಬಳಕೆಗೆ ಬರುತ್ತಿತ್ತು. ಶೇಕಡ 81ರಷ್ಟನ್ನು ಅದು ಹುಟ್ಟಿದ ಕಾರ್ಖಾನೆಗಳೇ ಬಳಸಿಕೊಳ್ಳುತ್ತಿದ್ದವು. ಇದರ ಬಹುಪಾಲು ಒಂದು ಸಕ್ಕರೆ ಕಾರ್ಖಾನೆಯದು. ಕಾರ್ಖಾನೆಗಳ ಗೇಟು ದಾಟಿದ ಶೇಷದಲ್ಲಿ ಶೇಕಡ 90ಕ್ಕೂ ಹೆಚ್ಚಿನದು 20 ಕಿಲೋಮೀಟರಿನೊಳಗೇ ಬಳಕೆಯಾಗುತ್ತಿತ್ತು. ಉಳಿದುದರಲ್ಲಿ ಗುಜರಿ ವ್ಯಾಪಾರಿಗಳ ಕೈಸೇರಿ ಮರುಬಳಕೆಯಾಗುವ ಪಾಲೂ ಇತ್ತು. ಯಾವ ಸರ್ಕಾರಿ ಫಲಕವೂ ಇಲ್ಲದೆ ನಡೆಯುತ್ತಿದ್ದ ಈ ಕೊಡುಕೊಳ್ಳುವಿಕೆಯನ್ನು ತೂಗಿ ನೋಡುವವರೆಗೂ ಅದರ ಬೆಲೆ ತಿಳಿದಿರಲಿಲ್ಲ. ಬೀದಿಯಲ್ಲಿ ಚೀಲ ಹೊತ್ತು ನಡೆವ ಗುಜರಿಯವನೂ ಈ ಲೆಕ್ಕದಲ್ಲಿ ಒಬ್ಬ ಪಾಲುದಾರ.

ಇನ್ನು ಕೃಷ್ಣೆ. ವಿಜಯವಾಡದ ನಮ್ಮ ಸದಸ್ಯರಿಗೆ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತಾಗ ಊರು ನೆನಪಾಗುವುದು ಸಹಜ. ಕೂಡಲಸಂಗಮವನ್ನೂ ಆಲಮಟ್ಟಿಯನ್ನೂ ರಾಯಚೂರಿನ ಸೀಮೆಯನ್ನೂ ದಾಟಿ, ತುಂಗಭದ್ರೆಯನ್ನು ಕೂಡಿಕೊಂಡು ಬಂದ ನೀರದು. ಈ ಒಂದೇ ನದಿಯ ದಂಡೆಯಲ್ಲಿ ರಾಯಚೂರು ಬಳಿಯ ಶಕ್ತಿನಗರದಲ್ಲೊಂದು, ವಿಜಯವಾಡದ ಬಳಿಯ ಇಬ್ರಾಹಿಂಪಟ್ಟಣದಲ್ಲೊಂದು ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಿವೆ. ಸಿಂಗರೇಣಿಯ ಕಲ್ಲಿದ್ದಲು ಎರಡಕ್ಕೂ ಬರುತ್ತದೆ. ನಮ್ಮ ದೇಶದ ಕಲ್ಲಿದ್ದಲು ಒಂದು ಟನ್ ಉರಿದರೆ ಸುಮಾರು 300ರಿಂದ 400 ಕಿಲೋ ಬೂದಿಯುಳಿಯುತ್ತದೆ. ವಿದ್ಯುತ್ತು ತಂತಿಯ ಮೇಲೆ ದೂರದ ಊರುಗಳಿಗೆ ಹೋಗುತ್ತದೆ. ಬೂದಿ ಹೊಂಡದಲ್ಲಿ, ಆ ಊರಿನವರ ಪಕ್ಕದಲ್ಲಿ, ನಿಲ್ಲುತ್ತದೆ. ಹಾರುಬೂದಿಯನ್ನು ಇಟ್ಟಿಗೆ, ಸಿಮೆಂಟುಗಳಿಗೆ ಬಳಸಬೇಕೆಂಬ ಕೇಂದ್ರದ ಅಧಿಸೂಚನೆ 1999ರಿಂದ ಇದೆ. ಉತ್ಪತ್ತಿಯಾದ ಬೂದಿಯನ್ನು ಪೂರ್ತಿಯಾಗಿ ಬಳಸಬೇಕೆಂದೂ ಹಳೆಯ ರಾಶಿಯನ್ನೂ ಕಾಲಮಿತಿಯಲ್ಲಿ ಕರಗಿಸಬೇಕೆಂದೂ 2021ರ ಡಿಸೆಂಬರ್‌ನ ಅಧಿಸೂಚನೆ ವಿಧಿಸಿತು. ಅದು ಪಾಲನೆಯಾಗುತ್ತಿದೆಯೇ ಎಂದು ತಿಳಿಯಲು ಇರುವ ದಾರಿ ಒಂದೇ: ಬಂದ ಕಲ್ಲಿದ್ದಲನ್ನೂ ಹೋದ ಬೂದಿಯನ್ನೂ ತಾಳೆ ನೋಡುವುದು.

ಕೃಷ್ಣೆಯ ನೀರಿಗಾಗಿ ನಾವು ಲೆಕ್ಕ ಮಾಡಿದ್ದೇವೆ. ಬಚಾವತ್ ನ್ಯಾಯಾಧಿಕರಣವು 2,060 ಟಿ.ಎಂ.ಸಿ.ಯನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರಕ್ಕೆ 800 ಎಂದು ಹಂಚಿದುದನ್ನು ಎರಡೂ ಕಡೆಯ ರೈತರು ಬಲ್ಲರು. ಆದರೆ ನದಿ ನೀರನ್ನಷ್ಟೇ ಹೊತ್ತು ತರುವುದಿಲ್ಲ, ಮಣ್ಣನ್ನೂ ತರುತ್ತದೆ. 1953ರಲ್ಲಿ 133 ಟಿ.ಎಂ.ಸಿ. ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯವನ್ನು 2016ರ ಸಮೀಕ್ಷೆ ಸುಮಾರು 105.8 ಟಿ.ಎಂ.ಸಿ. ಎಂದು ಗುರುತಿಸಿತು. ನಡುವಿನ 27 ಟಿ.ಎಂ.ಸಿ.ಯಷ್ಟು ಜಾಗವನ್ನು ಹೂಳು ತುಂಬಿದೆ. ಎಂದರೆ ಸುಮಾರು 76 ಕೋಟಿ ಘನ ಮೀಟರ್. ಅತ್ತ ಹಂಸಲದೀವಿಯ ಕಡೆ, ಕೃಷ್ಣೆ ಕಡಲು ಸೇರುವ ಮುಖಜಭೂಮಿಗೆ ಹೊಸ ಮಣ್ಣು ಬರುವುದು ಕಡಿಮೆಯಾಗಿ ಕಡಲು ದಡವನ್ನು ತಿನ್ನುತ್ತಿರುವುದನ್ನು ಆಂಧ್ರ ವಿಶ್ವವಿದ್ಯಾಲಯದ ಸಂಶೋಧಕರು ದಾಖಲಿಸಿದ್ದಾರೆ. ಮೇಲಿನವನಿಗೆ ಹೂಳಾಗಿ ಬೇಡವಾದುದು ಕೆಳಗಿನವನಿಗೆ ನೆಲವಾಗಿ ಬೇಕಾಗಿತ್ತು. ನೀರಿಗೆ ನ್ಯಾಯಾಧಿಕರಣವಿದೆ, ಮಣ್ಣಿನ ಪರವಾಗಿ ವಾದಿಸಲು ಯಾವ ರಾಜ್ಯವೂ ವಕೀಲರನ್ನು ನೇಮಿಸಿಲ್ಲ.

ಇಷ್ಟು ಹೇಳಿದ ಮೇಲೆ ಈ ವಿದ್ಯೆಯ ಮಿತಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ತೂಕವೊಂದೇ ಸತ್ಯವಲ್ಲ. ಒಂದು ಟನ್ ಮರಳೂ ಒಂದು ಟನ್ ವಿಷವೂ ತಕ್ಕಡಿಗೆ ಸಮ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದಲ್ಲಿ ಸ್ಟೈರೀನ್ ಆವಿ ಹೊರಬಂದು 12 ಮಂದಿ ಸತ್ತರು. ಊರಿನೊಳಗೆ ವರ್ಷವಿಡೀ ಬಂದುಹೋಗುವ ವಸ್ತುರಾಶಿಯ ಎದುರು ಆ ತೊಟ್ಟಿಯ ತೂಕ ಗಣನೆಗೇ ಬಾರದು. ಆದರೂ ಆ ಘಟನೆಯಲ್ಲಿ ಒಂದು ಪಾಠವಿದೆ. ಲಾಕ್‌ಡೌನಿನಲ್ಲಿ ಪ್ರವಾಹ ನಿಂತಿತ್ತು, ದಾಸ್ತಾನು ಮಾತ್ರ ತೊಟ್ಟಿಯಲ್ಲಿ ಉಳಿದು ಬಿಸಿಯೇರುತ್ತಿತ್ತು. ಆದ್ದರಿಂದ ಎಷ್ಟು ಎಂಬುದರ ಜೊತೆಗೆ ಏನು, ಎಲ್ಲಿ, ಯಾರ ಮನೆಯ ಪಕ್ಕದಲ್ಲಿ ಎಂಬ ಪ್ರಶ್ನೆಗಳನ್ನೂ ಕೇಳಬೇಕು. ಅವಕ್ಕೆ ಉತ್ತರ ಕೊಡಬೇಕಾದುದು ತಕ್ಕಡಿಯಲ್ಲ, ರಾಜಕಾರಣ.

ಹೊರನಾಡಿನ ಕನ್ನಡಿಗರಾದ ನಮಗೆ ಇದರಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಕೃಷ್ಣೆಯ ವಿವಾದ ಎದ್ದಾಗಲೆಲ್ಲ ನಾವು ಯಾವ ಕಡೆಯೆಂದು ಇಲ್ಲಿಯವರು ಕೇಳುತ್ತಾರೆ. ರಜೆಗೆ ಊರಿಗೆ ಹೋದರೆ ಅಲ್ಲಿಯವರೂ ಕೇಳುತ್ತಾರೆ. ಹಕ್ಕಿನ ಭಾಷೆಯಲ್ಲಿ ಇದಕ್ಕೆ ಉತ್ತರ ಕೊಡಹೋದರೆ ನಾವು ಒಂದು ಮನೆಯನ್ನು ಕಳೆದುಕೊಳ್ಳಬೇಕಾಗುತ್ತದೆ. ಲೆಕ್ಕದ ಭಾಷೆಯಲ್ಲಿ ಹಾಗಿಲ್ಲ. ಬಳ್ಳಾರಿಯ ಅದಿರು, ಜಗ್ಗಯ್ಯಪೇಟೆಯ ಕಲ್ಲು, ತುಂಗಭದ್ರೆಯ ಹೂಳು ಇವುಗಳ ತೂಕ ಎರಡೂ ರಾಜ್ಯಗಳಲ್ಲಿ ಒಂದೇ. ಎರಡೂ ಭಾಷೆಯ ಪತ್ರಿಕೆ ಓದಬಲ್ಲ, ಎರಡೂ ಕಡೆಯ ಕಚೇರಿಗಳಲ್ಲಿ ಮಾತನಾಡಬಲ್ಲ ನಾವು ಈ ಲೆಕ್ಕ ಬರೆಯಲು ತಕ್ಕವರಲ್ಲದೆ ಮತ್ತಾರು? ಹಕ್ಕನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಲೆಕ್ಕವಿಲ್ಲದ ಹಕ್ಕನ್ನು ಬಲವುಳ್ಳವನು ಸುಲಭವಾಗಿ ಕಸಿದುಕೊಳ್ಳುತ್ತಾನೆಂಬುದನ್ನು ಬಳ್ಳಾರಿ ನಮಗೆ ಕಲಿಸಿದೆ.

ಆದ್ದರಿಂದ ಸದಸ್ಯರಲ್ಲಿ ಎರಡು ಬಿನ್ನಹ. ಬಂದರು, ರೈಲ್ವೆ, ಕಾರ್ಖಾನೆ, ವಿದ್ಯುತ್ ಸ್ಥಾವರಗಳಲ್ಲಿ ದುಡಿದು ನಿವೃತ್ತರಾದವರು ತಮ್ಮ ಕಾಲದಲ್ಲಿ ಯಾವ ಸರಕು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತೆಂಬ ನೆನಪುಗಳನ್ನು ಬರೆದು ಕಳಿಸಬೇಕು. ಪತ್ರಿಕೆಯ ಪುಟಗಳು ಅದಕ್ಕೆ ತೆರೆದಿವೆ. ಎರಡನೆಯದು, ಮುಂಬರುವ ರಾಜ್ಯೋತ್ಸವದ ಊಟದ ದಿನ, ಅಡುಗೆಮನೆಗೆ ಬಂದ ಸಾಮಾನನ್ನೂ ಎಲೆಯಲ್ಲಿ ಉಳಿದು ಹೊರಗೆ ಹೋದುದನ್ನೂ ತೂಗಿ ಸಭೆಗೆ ಓದಿಹೇಳಬೇಕು. ಅಡುಗೆ ಭಟ್ಟರಿಗೆ ಇದು ರುಚಿಸದೆ ಹೋಗಬಹುದು. ಅಧ್ಯಕ್ಷರು ಒಪ್ಪಿದ್ದಾರೆ, ತಕ್ಕಡಿ ತರುವ ಹೊಣೆಯನ್ನು ಆ ಹುಡುಗಿಯೇ ಹೊತ್ತಿದ್ದಾಳೆ. ಅಂದು ನಕ್ಕ ನನ್ನ ಗೆಳೆಯರು ಪುಸ್ತಕ ಹಿಡಿದು ಅಂಕಿ ಬರೆದುಕೊಳ್ಳುವ ಗುಮಾಸ್ತಗಿರಿಗೆ ತಾವಾಗಿಯೇ ಹೆಸರು ಕೊಟ್ಟಿದ್ದಾರೆ.

— ಸಂಪಾದಕ